ಮೆಗಾ ಬ್ಲಾಕ್ ಭಾನುವಾರ, ನಮ್ಮ ಸಭೆಯ ತವರು ದಿನ

ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸ ನಾನು ಕೇಳಿ ತೆಗೆದುಕೊಂಡದ್ದಲ್ಲ. ಆ ದಿನ ಕುರ್ಲಾ ಹತ್ತಿರ ಲೋಕಲ್ ರೈಲು ಇಪ್ಪತ್ತು ನಿಮಿಷ ನಿಂತುಬಿಟ್ಟಿತು. ಸಮಿತಿಯ ಮೀಟಿಂಗಿಗೆ ನಾನು ಹೋಗಿ ಮುಟ್ಟುವಷ್ಟರಲ್ಲಿ ಊಟ, ಹಾಡು, ಹಣ ಎಲ್ಲದರ ಜವಾಬ್ದಾರಿ ಹಂಚಿಹೋಗಿತ್ತು. ಉಳಿದದ್ದು ಒಂದೇ, ಹಳೆಯ ಸದಸ್ಯರನ್ನು ಹುಡುಕಿ ಕರೆಯುವುದು. "ನಿಮಗೆ ಎಲ್ಲರ ಪರಿಚಯ ಉಂಟಲ್ಲ, ನೀವೇ ಮಾಡಿ" ಅಂದರು ನಮ್ಮ ಅಯ್ಯನವರು, ಅಂದರೆ ಚರ್ಚಿನ ಪಾದ್ರಿಗಳು. ಅಯ್ಯನವರು ಹೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಸರಿ ಅಂದೆ. ಸುಮ್ನೆ ನಾಲ್ಕು ಫೋನ್ ಮಾಡಿದರೆ ಮುಗಿಯಿತು ಅಂದುಕೊಂಡಿದ್ದೆ. ನಾಲ್ಕು ತಿಂಗಳು ಹಿಡಿಯಿತು.

ಸಭೆ ಅಂದರೆ ಮೀಟಿಂಗ್ ಅಲ್ಲ, ಚರ್ಚಿನ ಮಂದಿಗೆ ನಮ್ಮಲ್ಲಿ ಸಭೆ ಅಂತಲೇ ಹೇಳುವುದು. ನಮ್ಮದು ಮುಂಬೈಯ ಒಂದು ಕನ್ನಡ ಸಭೆ. ಸ್ವಂತ ಕಟ್ಟಡ ಇಲ್ಲ. ಒಂದೇ ದೇವಾಲಯದಲ್ಲಿ ಬೆಳಿಗ್ಗೆ ಇಂಗ್ಲಿಷಿನವರು, ಆಮೇಲೆ ಮರಾಠಿಯವರು, ಮಧ್ಯಾಹ್ನ ತಮಿಳಿನವರು, ಸಂಜೆ ನಾಲ್ಕೂವರೆಗೆ ನಾವು. ಅವರ ಅಗರಬತ್ತಿ ವಾಸನೆ ನಮಗೆ, ನಮ್ಮ ಮಲ್ಲಿಗೆ ವಾಸನೆ ಮುಂದಿನ ವಾರ ಅವರಿಗೆ. ಸಂಜೆ ಬಂದವರ ಚಪ್ಪಲಿ ಲೆಕ್ಕ ಹಾಕಿದರೆ ಈಗ ಅರವತ್ತು ಎಪ್ಪತ್ತು ಜೋಡಿ. ನಾನು ಚಿಕ್ಕವಳಿದ್ದಾಗ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಸಭೆಗೆ 75 ವರ್ಷ ಅಂತ ಈ ಗದ್ದಲವೆಲ್ಲ ಶುರುವಾಯಿತು. ಅದರಲ್ಲೂ ಜಗಳ. ಪರೇಲಿನ ವಠಾರದಂಥ ಒಂದು ಚಾಳಿನ ಕೋಣೆಯಲ್ಲಿ ಏಳೆಂಟು ಮನೆಯವರು ಸೇರಿ ಪ್ರಾರ್ಥನೆ ಶುರು ಮಾಡಿದ ವರ್ಷದಿಂದ ಲೆಕ್ಕ ಹಿಡಿಯಬೇಕು ಅಂತ ಕೆಲವರು, ದೇವಾಲಯದಲ್ಲಿ ಮೊದಲ ಆರಾಧನೆ ನಡೆದ ದಿನದಿಂದ ಹಿಡಿಯಬೇಕು ಅಂತ ಕೆಲವರು. ಎರಡಕ್ಕೂ ಮೂರು ವರ್ಷ ಅಂತರ. ಈ ವರ್ಷ ಮಾಡದಿದ್ದರೆ ಮೂರು ವರ್ಷಕ್ಕೆ ನಮ್ಮಲ್ಲಿ ಯಾರು ಇರುತ್ತಾರೋ ಇಲ್ಲವೋ ಅಂತ ಒಬ್ಬ ಅಜ್ಜ ಅಂದರು. ಅಲ್ಲಿಗೆ ಮಾತು ಮುಗಿಯಿತು.

ಹೆಸರಿನದು ಇನ್ನೊಂದು ಕಥೆ. ಯುವಜನ ಕೂಟದ ಮಕ್ಕಳು 'ಹೋಮ್‌ಕಮಿಂಗ್' ಅಂದರು. ಅಮೆರಿಕದಲ್ಲಿ ಚರ್ಚುಗಳು ವರ್ಷಕ್ಕೊಂದು ಭಾನುವಾರ ಹೀಗೆ ಮಾಡುತ್ತವಂತೆ, ಊರು ಬಿಟ್ಟು ಹೋದವರೆಲ್ಲ ವಾಪಸು ಬಂದು ಆರಾಧನೆ ಮಾಡಿ, ಮನೆಯಿಂದ ತಂದ ಅಡಿಗೆ ಹಂಚಿಕೊಂಡು ತಿನ್ನುತ್ತಾರಂತೆ. ಚೆನ್ನಾಗಿದೆ, ಆದರೆ ಕನ್ನಡದಲ್ಲಿ ಏನು ಅನ್ನುವುದು? 'ಪುನರ್ಮಿಲನ' ಅಂದಾಗ ಯಾವುದೋ ಆಫೀಸಿನ ಕಾರ್ಯಕ್ರಮದ ಹಾಗೆ ಕೇಳಿಸಿತು. 'ಹಳಬರ ಕೂಟ' ಅಂದರೆ ಹೆಂಗಸರು ಯಾರೂ ಬರುವುದಿಲ್ಲ. 'ಊರಿಗೆ ಬನ್ನಿ' ಅನ್ನೋಣವೇ ಅಂದರೆ, ಮುಂಬೈಯಲ್ಲಿ ಊರು ಅಂದರೆ ಯಾವತ್ತೂ ಮಂಗಳೂರು, ಉಡುಪಿ, ಹುಬ್ಬಳ್ಳಿ, ಧಾರವಾಡ. ಐವತ್ತು ವರ್ಷ ಇಲ್ಲೇ ಇದ್ದವರೂ ಮೇ ತಿಂಗಳಲ್ಲಿ "ಊರಿಗೆ ಹೋಗ್ತೇವೆ" ಅನ್ನುವವರೇ. ಕೊನೆಗೆ ನಾನೇ 'ತವರು ದಿನ' ಅಂದೆ. ಬಾಯಿ ತಪ್ಪಿ ಬಂದದ್ದು. "ಹಾಗಾದ್ರೆ ಗಂಡಸರು ಎಲ್ಲಿಗೆ ಹೋಗೋದು?" ಅಂತ ಖಜಾಂಚಿ ಅಂಕಲ್ ಕೇಳಿದರು. "ನೀವು ಬುತ್ತಿ ಹೊತ್ಕೊಂಡು ಹಿಂದಿನಿಂದ ಬನ್ನಿ" ಅಂದರು ಸ್ತ್ರೀಯರ ಕೂಟದವರು. ಹೆಸರು ಪಾಸಾಯಿತು.

ದಿನ ಹಿಡಿಯುವುದು ಅದಕ್ಕಿಂತ ಕಷ್ಟ. ಡಿಸೆಂಬರಿನಲ್ಲಿ ಅರ್ಧ ಸಭೆ ಕ್ರಿಸ್‌ಮಸ್ಸಿಗೆ ಊರಲ್ಲಿರುತ್ತದೆ. ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್, ದಕ್ಷಿಣದ ಕಡೆಯ ರಸ್ತೆಗಳೆಲ್ಲ ಬಂದ್. ಹಾಗಾಗಿ ಎರಡನೇ ಭಾನುವಾರ ಅಂತಾಯಿತು. ನಮ್ಮ ಹೊತ್ತು ಸಂಜೆ, ಆದರೆ ಊಟ ಇಟ್ಟುಕೊಳ್ಳಬೇಕಾದರೆ ಬೆಳಿಗ್ಗೆ ಬೇಕು. ಮರಾಠಿ ಸಭೆಯ ಕಾರ್ಯದರ್ಶಿ ಬಾಯಿಯವರ ಹತ್ತಿರ ಹೋಗಿ ಒಂದು ದಿನ ಹೊತ್ತು ಬದಲಾಯಿಸಿ ಕೊಡುತ್ತೀರಾ ಅಂತ ಕೇಳಿದೆ. ಏನು ಕಾರ್ಯಕ್ರಮ ಅಂದರು. ತವರು ಅಂತ ವಿವರಿಸಿದೆ. "ಅರೇ, ಮಾಹೇರಪಣ್!" ಅಂತ ಅವರ ಮುಖವೇ ಅರಳಿತು. ಮಾಹೇರ್ ಅಂದರೆ ತವರುಮನೆ, ಮದುವೆಯಾದ ಮಗಳು ನಾಲ್ಕು ದಿನ ಬಂದು ಕೂತು ಉಣ್ಣುವುದು ಮಾಹೇರಪಣ್. ಹತ್ತೂವರೆಯಿಂದ ಇಡೀ ದಿನ ಇಟ್ಟುಕೊಳ್ಳಿ ಅಂದರು. ತಮಿಳಿನವರೂ ಒಪ್ಪಿದರು, ಬಿರಿಯಾನಿ ಇದ್ದರೆ ಹೇಳಿ ಅಂದರು. ಬಿರಿಯಾನಿ ಇರಲಿಲ್ಲ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಅಲಮಾರಿನಿಂದ ಹಳೆಯ ದಫ್ತರಗಳನ್ನು ಇಳಿಸಿಕೊಟ್ಟರು. ದೀಕ್ಷಾಸ್ನಾನದ್ದು, ದೃಢೀಕರಣದ್ದು, ಮದುವೆಯದ್ದು, ಸದಸ್ಯರ ವಂತಿಗೆಯದ್ದು. ಒಂದಷ್ಟಕ್ಕೆ ಗೆದ್ದಲು ಹಿಡಿದಿತ್ತು. ಡೊಂಬಿವಲಿಯ ನನ್ನ ಎರಡು ಕೋಣೆಯ ಮನೆಯಲ್ಲಿ ಅದನ್ನು ಹರಡಿಕೊಂಡು ಕೂತೆ. ಗಂಡ ಸೀನಿದ್ದು ಸೀನಿದ್ದೇ.

ಆ ವಿಳಾಸಗಳನ್ನು ಓದಿದರೆ ಹಳೆಯ ಮುಂಬೈ ಕಣ್ಣಿಗೆ ಕಟ್ಟುತ್ತದೆ. ಪರೇಲ್, ಲಾಲ್‌ಬಾಗ್, ಚಿಂಚ್‌ಪೋಕ್ಲಿ, ಕಾಳಾಚೌಕಿ. ಇಂಥ ಚಾಳ್, ಇಷ್ಟನೇ ಮಾಳಿಗೆ, ಇಷ್ಟನೇ ಖೋಲಿ. ಕೆಲಸ: ಮಿಲ್ಲು, ರೈಲ್ವೆ ವರ್ಕ್‌ಶಾಪ್, ಬಂದರು, ನರ್ಸ್, ಹೋಟೆಲು, ಮುನ್ಸಿಪಾಲಿಟಿಯ ಕನ್ನಡ ಶಾಲೆ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಬಟ್ಟೆ ಮಿಲ್ಲು ಮುಷ್ಕರ ಶುರುವಾಯಿತಲ್ಲ, ಆಮೇಲಿನ ಎರಡು ಮೂರು ವರ್ಷದ ಪುಟಗಳಲ್ಲಿ 'ಊರಿಗೆ ಹೋದರು', 'ಊರಿಗೆ ಹೋದರು' ಅಂತ ಸಾಲು ಸಾಲು ಬರೆದಿದೆ. ಉಳಿದವರು ನಿಧಾನಕ್ಕೆ ಕಲ್ಯಾಣ, ವಸಾಯಿ, ವಿರಾರ್, ಹೊಸ ಮುಂಬೈ ಅಂತ ಚದುರಿದರು. ವಿರಾರಿನಿಂದ ಭಾನುವಾರ ಎರಡು ರೈಲು ಬದಲಾಯಿಸಿ ಆರಾಧನೆಗೆ ಬರುವುದು ಎಷ್ಟು ದಿನ ಸಾಧ್ಯ? ಹತ್ತಿರದ ಯಾವುದೋ ಚರ್ಚಿಗೆ ಹೋಗತೊಡಗಿದರು. ಮಕ್ಕಳಿಗೆ ಹಿಂದಿ, ಇಂಗ್ಲಿಷೇ ಸಲೀಸಾಯಿತು.

ಫೋನ್ ನಂಬರುಗಳು ಕೆಲವು ಆರಂಕಿಯವು, ಕೆಲವು ಏಳಂಕಿಯವು. ಮುಂಬೈಯ ಲ್ಯಾಂಡ್‌ಲೈನು ಏಳರಿಂದ ಎಂಟಾದಾಗ ಹಳೆಯ ನಂಬರುಗಳ ಮುಂದೆ 2 ಸೇರಿಸಿದ್ದರು. ಏಳಂಕಿಯವಕ್ಕೆ ನಾನೂ 2 ಸೇರಿಸಿ ಒತ್ತುತ್ತಾ ಹೋದೆ. ಮೊದಲ ದಿನ ಮೂವತ್ತೆಂಟು ನಂಬರ್ ಒತ್ತಿದೆ, ರಿಂಗಾದದ್ದು ಮೂರು. ಒಂದರಲ್ಲಿ ಗುಜರಾತಿ ಹೆಂಗಸು, ಒಂದು ಯಾವುದೋ ಕ್ಲಿನಿಕ್, ಮೂರನೆಯದರಲ್ಲಿ ದಪ್ಪ ಗಂಟಲು.

ಆ ಮೂರನೆಯ ಮನೆಯವರು ತೀರಿಕೊಂಡವರ ಪಟ್ಟಿಯಲ್ಲಿದ್ದರು. ಹಾಗೆ ಒಂದು ಪಟ್ಟಿ ಮಾಡಿಕೊಂಡಿದ್ದೆವು, ಆ ದಿನ ಹೆಸರು ಓದಲು. ಅವರ ಮಕ್ಕಳು ಯಾರಾದರೂ ಸಿಗಲಿ ಅಂತ ಒತ್ತಿದ್ದು. "ಅಂಕಲ್ ಹೋಗಿ ಎಷ್ಟು ವರ್ಷವಾಯ್ತು? ಹೆಸರಿನ ಮುಂದೆ ವರ್ಷ ಹಾಕ್ಬೇಕಿತ್ತು" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಯಾರು ಹೋದದ್ದು ಮಾರಾಯ್ತಿ? ನಾನೇ ಮಾತಾಡ್ತಿರುವುದು" ಅಂದರು. ನನಗೆ ಫೋನ್ ಇಟ್ಟುಬಿಡೋಣ ಅನ್ನಿಸಿತು. ಅವರು ನಕ್ಕು ನಕ್ಕು ಕೆಮ್ಮಿದರು. ಅವರ ಅಣ್ಣ ತೀರಿಕೊಂಡದ್ದನ್ನು ಯಾರೋ ಇವರ ಹೆಸರಿಗೆ ಬರೆದಿದ್ದರು. ವಯಸ್ಸು 81, ಮುಲುಂಡಿನಲ್ಲಿ ಒಬ್ಬರೇ ಇದ್ದಾರೆ, ಬರುತ್ತೇನೆ ಅಂದರು. ಅವರಿಂದಲೇ ಹದಿನಾರು ಜನರ ಮೊಬೈಲ್ ನಂಬರ್ ಸಿಕ್ಕಿತು. ಅಲ್ಲಿಂದ ವಾಟ್ಸಾಪ್ ಗ್ರೂಪ್. ಗ್ರೂಪ್ ಶುರುವಾದ ಮೇಲೆ ಹೊಳೆಗೆ ನೀರು ಬಂದ ಹಾಗೆ. ಮಸ್ಕತ್ತು, ದುಬೈ, ಬೆಂಗಳೂರು, ಮಂಗಳೂರು. ಬೆಳಗಾಗುವಷ್ಟರಲ್ಲಿ ಇನ್ನೂರು ಮೆಸೇಜ್, ಅದರಲ್ಲಿ ನೂರೈವತ್ತು 'ಆಮೆನ್'.

ನಂಬರ್ ಇಲ್ಲದವರ ಮನೆ ಹುಡುಕಿಕೊಂಡು ಮೂರು ಶನಿವಾರ ಅಲೆದೆ. ಲಾಲ್‌ಬಾಗಿನಲ್ಲಿ ದಫ್ತರದ ಪ್ರಕಾರ ಒಂದೇ ಚಾಳಿನಲ್ಲಿ ನಮ್ಮವರ ಐದು ಮನೆ ಇರಬೇಕಿತ್ತು. ಹೋಗಿ ನೋಡಿದರೆ ಗೋಪುರದಂಥ ಕಟ್ಟಡ. ಗೇಟಿನ ವಾಚ್‌ಮನ್ ಆಪ್‌ನಲ್ಲಿ ಹೆಸರು ಹಾಕಿ ಅಂದ. ಯಾರ ಹೆಸರು ಹಾಕಲಿ? ಎದುರಿನ ಪಾನ್ ಅಂಗಡಿಯ ಮುದುಕ ಮಾತ್ರ "ಕಾನಡಿ ಕಿರಿಸ್ತಾಂವ್?" ಅಂತ ಕೇಳಿ, ಹಿಂದಿನ ಗಲ್ಲಿಯ ಪುನರ್ವಸತಿ ಕಟ್ಟಡ ತೋರಿಸಿದ. ಹನ್ನೊಂದನೇ ಮಾಳಿಗೆಯಲ್ಲಿ ಒಬ್ಬ ಆಂಟಿ ಸಿಕ್ಕಿದರು. ನನ್ನ ಮುಖ ನೋಡಿ ನಮ್ಮಮ್ಮನ ಹೆಸರು ಹೇಳಿದರು. ಒಂದೂವರೆ ಗಂಟೆ ಕೂರಿಸಿ ಚಾ ಎರಡು ಸಲ ಕುಡಿಸಿದರು. ಹೊರಡುವಾಗ, ಮೇಲೆ ಬಂದ ಮೇಲೆ ಯಾರ ಮನೆಯ ಬಾಗಿಲೂ ತೆರೆದಿರುವುದಿಲ್ಲ ಅಂದರು, ಅಷ್ಟೇ.

ಈಗ ಬರೆಯಲು ಸ್ವಲ್ಪ ಮುಜುಗರವಾಗುವ ಭಾಗ. ವಂತಿಗೆಯ ದಫ್ತರದಲ್ಲಿ 1994ರ ಪುಟಗಳಿಗೆ ಬಂದಾಗ ಹದಿನಾಲ್ಕು ಕುಟುಂಬಗಳ ಹೆಸರಿನ ಮೇಲೆ ಕೆಂಪು ಶಾಯಿಯ ಗೀಟು ಇತ್ತು. ಸ್ಕೇಲ್ ಇಟ್ಟು ಎಳೆದ ನೇರ ಗೀಟು. ಪಕ್ಕದಲ್ಲಿ 'ಸಮಿತಿಯ ತೀರ್ಮಾನದಂತೆ ಹೆಸರು ತೆಗೆಯಲಾಗಿದೆ' ಅಂತ ಉರುಟಾದ ಅಕ್ಷರ. ಆ ಅಕ್ಷರ ನನ್ನ ಅಪ್ಪನದ್ದು. ಆಗ ಅವರೇ ಕಾರ್ಯದರ್ಶಿ.

ಜಗಳ ನನಗೆ ನೆನಪಿತ್ತು, ಆದರೆ ಹೀಗೆ ಗೀಟೆಳೆದದ್ದು ಗೊತ್ತಿರಲಿಲ್ಲ. ಜಗಳ ಹಾಡಿನದು. ನಮ್ಮ ಸಭೆಯಲ್ಲಿ ಎರಡು ಕಡೆಯವರು, ಕರಾವಳಿಯವರು ಮತ್ತು ಹುಬ್ಬಳ್ಳಿ ಧಾರವಾಡದವರು. ಕರಾವಳಿಯವರಿಗೆ ಬಾಸೆಲ್ ಮಿಷನ್ನಿನ ಹಾಡುಗಳೇ ಹಾಡು: ಜರ್ಮನ್ ರಾಗ, ಕನ್ನಡ ಪದ, ನಾಲ್ಕು ಸ್ವರದಲ್ಲಿ ಎದ್ದು ನಿಂತು ಹಾಡುವುದು. ಧಾರವಾಡದವರಿಗೆ ತಬಲಾ, ಹಾರ್ಮೋನಿಯಂ, ತಾಳ ಇಟ್ಟು ಭಜನೆ ಹಾಡದಿದ್ದರೆ ಆರಾಧನೆ ಮಾಡಿದ ಹಾಗೇ ಆಗುವುದಿಲ್ಲ. ತಮಾಷೆ ಅಂದರೆ ಎರಡು ಕಡೆಗೂ ಬಂದದ್ದು ಅದೇ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದವರು 1837ಕ್ಕೆ ಧಾರವಾಡದಲ್ಲಿ, 1839ಕ್ಕೆ ಹುಬ್ಬಳ್ಳಿಯಲ್ಲಿ ಇದ್ದರು. ಹಾಗಿದ್ದೂ ಮುಂಬೈಯ ಎರಡು ಬೆಂಚುಗಳ ನಡುವೆ ಜಾಗ ಸಾಲಲಿಲ್ಲ. ಭಜನೆಗೆ ತಿಂಗಳಿಗೊಂದು ಭಾನುವಾರ ಕೊಡಿ ಅಂತ ಅವರು ಕೇಳಿದರು, ಸಮಿತಿಯಲ್ಲಿ ಮತ ಹಾಕಿದರು, ಬಿದ್ದುಹೋಯಿತು. ಅವರು ವಂತಿಗೆ ನಿಲ್ಲಿಸಿದರು. ಸಮಿತಿ ಹೆಸರು ತೆಗೆಯಿತು. ಈಗಿನ ನಮ್ಮ ಮಕ್ಕಳು ಗಿಟಾರ್, ಡ್ರಮ್ಮು ಎರಡೂ ಬಾರಿಸುತ್ತಾರೆ, ಯಾರೂ ತುಟಿ ಪಿಟಕ್ ಅನ್ನುವುದಿಲ್ಲ.

ಆ ಹದಿನಾಲ್ಕರಲ್ಲಿ ಒಂದು ಟೀಚರಮ್ಮನ ಮನೆ. ಟೀಚರಮ್ಮ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು, ಭಾನುವಾರ ಸಂಡೆ ಸ್ಕೂಲಿನಲ್ಲೂ ಅವರೇ. ಅವರ ಮಗಳು ನನ್ನ ಗೆಳತಿ. ಒಂದೇ ಬೆಂಚು, ಒಂದೇ ಡಬ್ಬಿ. ಅವರು ಬರುವುದನ್ನು ನಿಲ್ಲಿಸಿದಾಗ ನನಗೆ ಆಗಷ್ಟೇ ಮದುವೆಯಾಗಿತ್ತು, ಮಗು, ಕೆಲಸ, ಲೋಕಲ್ ಅಂತ ಓಡಾಟದಲ್ಲಿ ಕೇಳುವುದೇ ಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಕೇಳಲು ಧೈರ್ಯವೂ ಇರಲಿಲ್ಲ.

ನಂಬರ್ ಸಿಕ್ಕಿದ ಮೇಲೆ ಎಂಟು ದಿನ ಸುಮ್ಮನಿದ್ದೆ. ಕೊನೆಗೆ ಆಫೀಸಿನ ಮೆಟ್ಟಿಲಲ್ಲಿ ನಿಂತು ಮಾಡಿದೆ. ದನಿ ಗುರುತು ಹಿಡಿದಳು. ಮಕ್ಕಳು, ಬಿಪಿ, ಮಂಡಿನೋವು ಎಲ್ಲ ಆಯಿತು. ಆಮೇಲೆ ವಿಷಯ ಹೇಳಿದೆ.

"ನಮ್ಮ ಹೆಸರು ಅದಾವೇನು ನಿಮ್ಮ ಪುಸ್ತಕದಾಗ?" ಅಂದಳು.

"ಇದೆ" ಅಂದೆ. ಗೀಟಿನ ಕೆಳಗೆ ಇದ್ದೇ ಇತ್ತಲ್ಲ.

"ಅವ್ವನ್ನ ಕೇಳ್ತೀನಿ" ಅಂತ ಇಟ್ಟಳು. ಆಮೇಲೆ ಸುದ್ದಿ ಇಲ್ಲ.

ಮುಂದಿನ ಮೀಟಿಂಗಿನಲ್ಲಿ ಹದಿನಾಲ್ಕು ಮನೆಗೂ ಕರೆ ಕಳಿಸಬೇಕು ಅಂದೆ. ಇಬ್ಬರು ಹಿರಿಯರು, ಸದಸ್ಯರಲ್ಲದವರನ್ನು ಸದಸ್ಯರು ಅಂತ ಹೇಗೆ ಕರೆಯುವುದು, ನಿಯಮ ಉಂಟಲ್ಲ ಅಂದರು. ತವರಿಗೆ ಬರಲು ರೇಷನ್ ಕಾರ್ಡ್ ಕೇಳ್ತೀರಾ ಅಂತ ಸ್ತ್ರೀಯರ ಕೂಟದ ಆಂಟಿ ಜೋರಾಗಿಯೇ ಕೇಳಿದರು. ಹಾಡಿನ ಸಮಿತಿಗೂ ಒಂದು ಭಜನೆ ಸೇರಿಸಿ ಅಂತ ಹೇಳಿದೆವು. ತಬಲಾ ಬಾರಿಸುವವರು ನಮ್ಮಲ್ಲಿ ಯಾರೂ ಉಳಿದಿರಲಿಲ್ಲ. ಮರಾಠಿ ಸಭೆಯಿಂದ ಒಬ್ಬ ಹುಡುಗನನ್ನು ಕರೆಸಿಕೊಂಡೆವು.

ಹಾಡಿನ ಹಾಳೆಯ ಪಾಡು ಹೇಳದೆ ಹೋದರೆ ತಪ್ಪಾಗುತ್ತದೆ. ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಹಾಡುಗಳನ್ನು ಕನ್ನಡ, ದೇವನಾಗರಿ, ಇಂಗ್ಲಿಷ್ ಅಕ್ಷರ ಮೂರರಲ್ಲೂ ಟೈಪ್ ಮಾಡಿಸಿದೆವು. ಕನ್ನಡದ್ದನ್ನು ಒಬ್ಬರು 'ನುಡಿ'ಯ ಹಳೆಯ ಫಾಂಟಿನಲ್ಲಿ ಮಾಡಿಕೊಟ್ಟರು. ಪ್ರೆಸ್ಸಿನವನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ತೆರೆದರೆ ಎಲ್ಲ ಇಂಗ್ಲಿಷ್ ಅಕ್ಷರ, ಪ್ರಶ್ನೆ ಚಿಹ್ನೆ, ಸೊನ್ನೆ. ಅವನು ಪಾಪ ಇದೇ ಕನ್ನಡ ಇರಬೇಕು ಅಂತ ನೂರು ಪ್ರತಿ ತೆಗೆದುಬಿಟ್ಟ. ಆಮೇಲೆ ಪಿಡಿಎಫ್ ಮಾಡಿ ಕೊಟ್ಟೆವು. ಅವಸರದಲ್ಲಿ ಯಾರೂ ತಪ್ಪು ನೋಡಲಿಲ್ಲ.

ಊಟದ ಬಗ್ಗೆ ಚರ್ಚೆ ಜಾಸ್ತಿ ಆಗಲಿಲ್ಲ. ಅಡಿಗೆಯವರಿಗೆ ಕೋಳಿ ಸುಕ್ಕ, ಗಸಿ, ಅನ್ನ, ಸಾರು, ಎಣ್ಣೆಗಾಯಿ ಒಪ್ಪಿಸಿದೆವು. ಕೋರಿ ರೊಟ್ಟಿಯ ಪ್ಯಾಕೆಟ್ಟು, ಬಾಳೆಲೆ, ಕುಚ್ಚಲಕ್ಕಿ ಮಾಟುಂಗದಿಂದ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂತು. ಅಕ್ಕಿಯದ್ದೋ ಜೋಳದ್ದೋ, ಎರಡು ಕಡೆಯವರದ್ದೂ ಗರಿಗರಿ ಒಣ ರೊಟ್ಟಿಯೇ, ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಇನ್ನೇನು ಎಲ್ಲ ಸರಿಯಾಯಿತು ಅನ್ನುವಾಗ ಶುಕ್ರವಾರ ಸಂಜೆ ಮೆಗಾ ಬ್ಲಾಕಿನ ಸುದ್ದಿ ಬಂತು. ಮಾಟುಂಗ ಮುಲುಂಡ್ ನಡುವೆ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ನಾಲ್ಕರ ತನಕ. ಹಾರ್ಬರ್ ಲೈನಿನಲ್ಲೂ. ಮುಂಬೈಯವರಿಗೆ ಹೊಸದಲ್ಲ, ಭಾನುವಾರ ಬಂದರೆ ಹಳಿ ದುರಸ್ತಿಗೆ ಎಲ್ಲಾದರೂ ಒಂದು ಕಡೆ ಲೋಕಲ್ ಓಡಾಟ ತಡೆಯುವ ಬ್ಲಾಕ್ ಇದ್ದೇ ಇರುತ್ತದೆ. ಆದರೆ ನಮ್ಮ ಮುಕ್ಕಾಲು ಮಂದಿ ಇರುವುದೇ ಕಲ್ಯಾಣ, ಡೊಂಬಿವಲಿ, ಠಾಣೆ, ಹೊಸ ಮುಂಬೈ ಕಡೆ. ಗ್ರೂಪಿನಲ್ಲಿ ಹಾಹಾಕಾರ. "ಹತ್ತಕ್ಕೆ ಮುಂಚೆ ಬಂದು ಮುಟ್ಟಿ, ವಾಪಸು ಹೋಗುವುದು ದೇವರ ಚಿತ್ತ" ಅಂತ ಮೆಸೇಜ್ ಹಾಕಿ ಮಲಗಿದೆ.

ಭಾನುವಾರ ಒಂಬತ್ತೂವರೆಗೇ ಜನ. ಇಂಗ್ಲಿಷಿನವರ ಆರಾಧನೆ ಮುಗಿದಿರಲಿಲ್ಲ, ನಮ್ಮವರು ಹೊರಗೆ ಅಂಗಳದಲ್ಲಿ ಅಪ್ಪಿಕೊಳ್ಳುತ್ತಾ, ಕಿರುಚುತ್ತಾ. ಒಳಗಿಂದ ಒಬ್ಬರು ಬಂದು ಸ್ವಲ್ಪ ಮೆಲ್ಲಗೆ ಅಂತ ಕೈಮುಗಿದರು. "ಎಂಚ ಉಲ್ಲರ್?" ಒಂದು ಕಡೆ, "ಏನಪಾ, ಎಷ್ಟ ಸೊರಗಿ?" ಇನ್ನೊಂದು ಕಡೆ. ಹೆಸರಿನ ಚೀಟಿ ಅಂಟಿಸುವ ಮೇಜಿನಲ್ಲಿ ನಾನಿದ್ದೆ. ಗುರುತು ಸಿಗದಿದ್ದಾಗ ಹೆಸರು ಕೇಳಲು ನಾಚಿಕೆ, ಹಾಗಾಗಿ "ಇನಿಶಿಯಲ್ ಏನು ಹಾಕ್ಲಿ?" ಅಂತ ಕೇಳುವ ಉಪಾಯ ಕಂಡುಕೊಂಡೆ. ಮುಲುಂಡಿನ ಅಂಕಲ್ ಇಸ್ತ್ರಿ ಮಾಡಿದ ಕೋಟು ಹಾಕಿ ಬಂದರು. ಚೀಟಿಯಲ್ಲಿ ತಮ್ಮ ಹೆಸರು ಬೇಡ, 'ಲಾಜರ' ಅಂತ ಬರೆ ಅಂದರು. ಬರೆದೆ. ಸತ್ತು ನಾಲ್ಕು ದಿನಕ್ಕೆ ಸಮಾಧಿಯಿಂದ ಎದ್ದು ಬಂದವನಲ್ಲವೇ ಬೈಬಲಿನ ಲಾಜರ. ಇಡೀ ದಿನ ಎಲ್ಲರಿಗೂ ಚೀಟಿ ತೋರಿಸಿ, ನನ್ನನ್ನು ತೋರಿಸಿ, ಕಥೆ ಹೇಳಿದರು.

ಇನ್ನೂರೈವತ್ತು ಅಂತ ಲೆಕ್ಕ ಹಾಕಿದ್ದೆವು. ಮುನ್ನೂರು ಹೆಸರಿನ ಚೀಟಿ ಇತ್ತು, ಅಷ್ಟೂ ಖರ್ಚಾದವು.

ಆರಾಧನೆ ಬೈಬಲಿನ 122ನೇ ಕೀರ್ತನೆಯಿಂದ ಶುರು. ಮೊದಲ ಹಾಡು ಜರ್ಮನ್ ರಾಗದ್ದು. ನಾಲ್ಕು ಸ್ವರ ಅಂತ ಹೆಮ್ಮೆ ಪಟ್ಟುಕೊಂಡಿದ್ದೆವು, ಈಗ ಬೇಸ್ ಹಾಡುವವರು ಇಬ್ಬರೇ ಅಜ್ಜಂದಿರು, ಕೀಬೋರ್ಡಿನ ಹುಡುಗ ಒಂದು ವೇಗ, ಮಂಗಳೂರಿನಿಂದ ಬಂದವರು ಇನ್ನೊಂದು ವೇಗ. ಮೂರನೇ ಚರಣಕ್ಕೆ ಎಲ್ಲರೂ ಒಂದಾದರು. ಆಮೇಲೆ ಭಜನೆ. ತಬಲಾ ಸದ್ದು ಆ ಎತ್ತರದ ಛಾವಣಿಗೆ ಹೊಡೆದು ವಾಪಸು ಬಂದಾಗ ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ. ಹದಿನಾಲ್ಕು ಮನೆಯಲ್ಲಿ ಐದು ಮನೆಯವರು ಬಂದು ಹಿಂದೆ ಕೂತಿದ್ದರು. ಗೆಳತಿ ಇರಲಿಲ್ಲ.

ತೀರಿಕೊಂಡವರ ಹೆಸರು ಓದುವಾಗ ನಾನು ಮುಂದೆ ಹೋಗಬೇಕಾಯಿತು. ಇಪ್ಪತ್ತೆರಡು ನಿಮಿಷ ಓದಿದೆ. ಆ ಮನೆಯವರು ಇದ್ದಲ್ಲೇ ಎದ್ದು ನಿಲ್ಲುವುದು ಅಂತ ಏರ್ಪಾಡು. ಕೆಲವು ಹೆಸರಿಗೆ ಒಂದು ಬೆಂಚೇ ಎದ್ದಿತು, ಕೆಲವಕ್ಕೆ ಯಾರೂ ಏಳಲಿಲ್ಲ. ಯಾರೂ ಏಳದಾಗ ಮುಂದಿನ ಸಾಲಿನ ಲಾಜರ ಅಂಕಲ್ ಎದ್ದು ನಿಲ್ಲತೊಡಗಿದರು. ಯಾರೂ ಹೇಳಿದ್ದಲ್ಲ. ಮಂಡಿ ಹಿಡಿದುಕೊಂಡು ಎದ್ದು, ಕೂತು, ಮತ್ತೆ ಎದ್ದು. ಅಪ್ಪನ ಹೆಸರು ಬಂದಾಗ ನಾನು ನಿಂತೇ ಇದ್ದೆನಲ್ಲ, ಹಾಗೇ ಓದಿ ಮುಂದೆ ಹೋದೆ. ತಲೆ ಎತ್ತಿದಾಗ ಹಿಂದಿನ ಬಾಗಿಲಲ್ಲಿ ವೀಲ್‌ಚೇರ್ ಕಂಡಿತು.

ಟೀಚರಮ್ಮನಿಗೆ ಈಗ 86. ಯುವಜನ ಕೂಟದ ಹುಡುಗರು ಕುರ್ಚಿಯ ಸಮೇತ ಮೆಟ್ಟಿಲು ಹತ್ತಿಸಿದ್ದರು. ಉಲ್ಲಾಸನಗರದಿಂದ ಟ್ಯಾಕ್ಸಿಯಲ್ಲಿ ಬಂದಿದ್ದರು, ಠಾಣೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಯಿತಂತೆ. ಪ್ರಸಂಗದ, ಅಂದರೆ ಬೋಧನೆಯ ಹೊತ್ತಿನಲ್ಲಿ ಹಿಂದೆ ಹೋಗಿ ನೋಡಿದೆ. ಟೀಚರಮ್ಮ ಪ್ರಸಂಗ ಕೇಳುತ್ತಿರಲಿಲ್ಲ. ಮಗಳ ಪರ್ಸಿನಿಂದ ಪೆನ್ನು ತೆಗೆದುಕೊಂಡು ಹಾಡಿನ ಹಾಳೆ ತಿದ್ದುತ್ತಿದ್ದರು. ಅಲ್ಪಪ್ರಾಣ ಮಹಾಪ್ರಾಣ, ಒತ್ತಕ್ಷರ, ದೀರ್ಘ. ಎರಡು ಪುಟದಲ್ಲಿ ಇಪ್ಪತ್ತಾರು ತಪ್ಪು. ಕೊನೆಗೆ ಕೆಳಗೆ ಒಂದು ಗೀಟು ಹಾಕಿ ನನ್ನ ಕೈಗೆ ಕೊಟ್ಟರು. ಐವತ್ತು ದಾಟಿದ ನಾನು ಎರಡನೇ ಕ್ಲಾಸಿನವಳ ಹಾಗೆ ಕೈ ಕಟ್ಟಿ ನಿಂತಿದ್ದೆ.

"ನಿಮ್ಮಪ್ಪನ ಅಕ್ಷರ ಭಾಳ ಚಂದ ಇತ್ತು" ಅಂದರು. ಅಷ್ಟೇ ಅಂದರು. ಅದು ಬರೀ ಅಕ್ಷರದ ಮಾತೋ, ಬೇರೇನೋ, ನಾನು ಕೇಳಲಿಲ್ಲ.

ಊಟಕ್ಕೆ ಒಂದೂವರೆ ಆಯಿತು. ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಅಷ್ಟು ಜನ ಸಾಲು ನಿಂತರೆ ಬೇಗ ಮುಗಿಯುತ್ತದೆಯೇ? ಕೋಳಿ ಕಡಿಮೆ ಬೀಳುತ್ತದೆ ಅಂತ ಅಡಿಗೆಯವನು ಮುಖ ಗಂಟಿಕ್ಕಿದ. ಖಜಾಂಚಿ ಅಂಕಲ್ ತಾವೇ ಸುಕ್ಕದ ಪಾತ್ರೆಯ ಹತ್ತಿರ ನಿಂತು ಒಬ್ಬರಿಗೆ ಎರಡು ತುಂಡು ಅಂತ ಲೆಕ್ಕ ಮಾಡಿದರು, ತಮ್ಮ ಹಳೇ ಗೆಳೆಯರು ಬಂದಾಗ ಲೆಕ್ಕ ತಪ್ಪಿದರು.

ಸಾಮಾನ್ಯವಾಗಿ ನಮ್ಮ ಕಾರ್ಯಕ್ರಮಗಳಲ್ಲಿ ಕೈ ತೊಳೆದ ತಕ್ಷಣ ಜನ ಗಡಿಯಾರ ನೋಡುತ್ತಾರೆ. 2.40ರ ಕಲ್ಯಾಣ್ ಫಾಸ್ಟ್, 2.52ರ ಪನ್ವೇಲ್ ಅಂತ ಓಡುತ್ತಾರೆ. ಆ ದಿನ ಓಡಿದರೂ ರೈಲಿಲ್ಲ. ಫಾಸ್ಟ್ ಗಾಡಿಗಳೆಲ್ಲ ಸ್ಲೋ ಹಳಿಯಲ್ಲಿ ತೆವಳುತ್ತಿದ್ದವು, ಹಾರ್ಬರಿನವರಿಗೆ ಅದೂ ಇಲ್ಲ. ಹಾಗಾಗಿ ಯಾರೂ ಏಳಲಿಲ್ಲ. ನಾವು ಹಾಕಿಕೊಂಡ ಕಾರ್ಯಕ್ರಮದಲ್ಲಿ ಆ ಎರಡೂವರೆ ಗಂಟೆಗೆ ಏನೂ ಇರಲಿಲ್ಲ, ಮತ್ತು ನನ್ನ ಮಟ್ಟಿಗೆ ತವರು ದಿನ ಅಂದರೆ ಅದೇ ಎರಡೂವರೆ ಗಂಟೆ. ಅಂಗಳದ ಮರದ ಕೆಳಗೆ ಕುರ್ಚಿ ಎಳೆದುಕೊಂಡು ಗುಂಪು ಗುಂಪು. ಚಾಳಿನ ನಲ್ಲಿಯ ಸಾಲಿನಲ್ಲಿ ಯಾರು ಯಾರಿಗೆ ಕೊಡದಲ್ಲಿ ಹೊಡೆದದ್ದು, ಕೊಂಕಣ ರೈಲು ಬರುವ ಮೊದಲು ಊರಿಗೆ ಇಡೀ ಹಗಲು ರಾತ್ರಿ ಬಸ್ಸಿನಲ್ಲಿ ಹೋಗಿ ಕಾಲು ಊದಿದ್ದು, ಒಂದು ಕ್ರಿಸ್‌ಮಸ್ಸಿಗೆ ಮನೆ ಮನೆ ಹಾಡುತ್ತಾ ಹೋಗಿ ತಪ್ಪಿ ಬೇರೆಯವರ ಮನೆಯಲ್ಲಿ ಎರಡು ಹಾಡು ಹಾಡಿ ಕೇಕು ತಿಂದು ಬಂದದ್ದು. ಮಸ್ಕತ್ತಿನಿಂದ ಬಂದವನು ಒಂದು ಮೂಲೆಯಲ್ಲಿ ಕೂತು ಅಳುತ್ತಿದ್ದ, ಅವನ ಹೆಂಡತಿ ಜೋಳದ ರೊಟ್ಟಿ ಮುರಿದು ಕೊಡುತ್ತಿದ್ದಳು. ಹುಡುಗಿಯರು ಟೀಚರಮ್ಮನ ಸುತ್ತ ಕೂತು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡರು. ಒಬ್ಬಳು ಅದನ್ನು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದಳು.

ಗೆಳತಿ ಮತ್ತು ನಾನು ಹಿಂದಿನ ಮೆಟ್ಟಿಲಲ್ಲಿ ಕೂತೆವು. ಮೊದಮೊದಲು ಮಾತು ಬರಲಿಲ್ಲ. ಗೀಟಿನ ವಿಷಯ ನಾನೇ ಹೇಳಿದೆ. "ಗೊತ್ತೈತಿ. ಆಗ ಪತ್ರ ಬಂದಿತ್ತು ಮನೀಗೆ" ಅಂದಳು. ಆಮೇಲೆ ಚೀಲದಿಂದ ಪೇಪರಿನಲ್ಲಿ ಸುತ್ತಿದ ಉದ್ದನೆಯ ಏನೋ ತೆಗೆದಳು. ಬಿಚ್ಚಿದರೆ ಸ್ಟೀಲಿನ ದೊಡ್ಡ ಸೌಟು. ಹಿಡಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ನಮ್ಮ ಸಭೆಯ ಹೆಸರು ಕೆತ್ತಿದೆ. ಕೊನೆಯ ಸಲ ಸುಗ್ಗಿ ಹಬ್ಬದ ಊಟಕ್ಕೆ ಬಂದಾಗ ಉಳಿದ ಸಾರಿನ ಜೊತೆ ಅವರ ಮನೆಗೆ ಹೋಗಿತ್ತಂತೆ. ಮುಂದಿನ ಭಾನುವಾರ ವಾಪಸು ತರುವುದಿತ್ತು. ಮುಂದಿನ ಭಾನುವಾರ ಅವರು ಬರಲಿಲ್ಲ.

"ಇಷ್ಟ ವರ್ಷ ಇದರಾಗ ಸಾರು ಉಂಡೀವಿ" ಅಂದಳು. ಇಬ್ಬರಿಗೂ ನಗು ಬಂತು. ನಗು ನಿಲ್ಲಲೇ ಇಲ್ಲ. ಏನಾಯಿತು ಅಂತ ಅಡಿಗೆಯ ಹುಡುಗ ಇಣುಕಿದವನು, ಸೌಟು ಕಂಡು, "ಇದು ಇಲ್ಲಿತ್ತಾ" ಅಂತ ತಮ್ಮದೇ ಅಂದುಕೊಂಡು ಎತ್ತಿಕೊಂಡು ಹೋಗಿ ಉಳಿದ ಗಸಿಯನ್ನು ಡಬ್ಬಿಗಳಿಗೆ ತುಂಬತೊಡಗಿದ. ಅವನ ಹಿಂದೆ ಓಡಿ ವಾಪಸು ತರುವಷ್ಟರಲ್ಲಿ ಸಾಕಾಯಿತು.

ಸಂಜೆ ನಾಲ್ಕೂಕಾಲಿಗೆ ಗಾಡಿಗಳು ಸರಿಯಾದವು ಅಂತ ಸುದ್ದಿ ಬಂತು. ಅರ್ಧ ಗಂಟೆಯಲ್ಲಿ ಅಂಗಳ ಖಾಲಿ.

ಹದಿನಾಲ್ಕು ಕುಟುಂಬಗಳ ಹೆಸರನ್ನು ಮತ್ತೆ ಸೇರಿಸುವ ವಿಷಯ ಇನ್ನೂ ಸಮಿತಿಯಲ್ಲೇ ಇದೆ. ಅವರು ಈಗ ಹೋಗುತ್ತಿರುವ ಸಭೆಯಿಂದ ಪತ್ರ ತರಬೇಕೋ, ಹೊಸ ಅರ್ಜಿಯೋ, ಹಳೆಯ ಗೀಟಿನ ಮೇಲೆ ಬರೆಯಬಹುದೋ ಅಂತ ಎರಡು ಮೀಟಿಂಗ್ ಆಯಿತು. ಮೂರನೆಯದು ಮುಂದಿನ ತಿಂಗಳು. ಕೆಲವರಿಗೆ ಸೇರುವ ಮನಸ್ಸೂ ಇಲ್ಲ, ಊಟಕ್ಕೆ ಕರೆದರೆ ಬರುತ್ತೇವೆ ಅಂದಿದ್ದಾರೆ.

ಆದರೆ ಪಾತ್ರೆಗಳ ದಫ್ತರ ಸ್ತ್ರೀಯರ ಕೂಟದ ಹತ್ತಿರ ಇರುತ್ತದೆ, ಅದಕ್ಕೆ ಸಮಿತಿ ಬೇಡ. ಮರುವಾರ ತೆಗೆದು ನೋಡಿದೆ. 1993ರ ಪಟ್ಟಿಯಲ್ಲಿ 'ಸೌಟು, ದೊಡ್ಡದು, 3' ಅಂತಿತ್ತು. ಮರುವರ್ಷದ ಪಟ್ಟಿಯಲ್ಲಿ 2. ನಾನು ಈ ವರ್ಷದ ಸಾಲಿನಲ್ಲಿ 3 ಅಂತ ಬರೆದೆ. ಯಾರಿಂದ ಬಂತು ಅನ್ನುವ ಅಂಕಣದಲ್ಲಿ ಏನು ಬರೆಯಲಿ ಅಂತ ಗೆಳತಿಗೆ ಫೋನ್ ಮಾಡಿ ಕೇಳಿದೆ.

"ಏನೂ ಬರೀಬ್ಯಾಡ" ಅಂದಳು. "ಮುಂದಿನ ಸಲ ಸಾರು ಉಳದ್ರ ಮತ್ತ ಒಯ್ಯಬೇಕಾಗ್ತದ."